ಆಪ್ಶನ್ ಪಟ್ಟಿಯ ಮೊದಲ ಸಾಲು

ಆಷಾಢ ಬಂತೆಂದರೆ ನಮ್ಮ ಕಡೆ ಮದುವೆ ಮಾತು ನಿಂತು ಸೀಟಿನ ಮಾತು ಶುರುವಾಗುತ್ತದೆ. ಹೊಸದುರ್ಗದಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿ ನಿವೃತ್ತಳಾದವಳು ನಾನು. ಆ ದಿನಗಳಲ್ಲಿ ನಮ್ಮ ಜಗುಲಿ ಖಾಲಿ ಇರುವುದಿಲ್ಲ. ಬರುವವರು ಒಬ್ಬೊಬ್ಬರೇ ಬರುವುದೂ ಇಲ್ಲ. ಮಗು, ಅಪ್ಪ, ಅವ್ವ, ಜೊತೆಗೆ ಕಡ್ಡಾಯವಾಗಿ ಒಬ್ಬ ಸೋದರಮಾವ. ಆತ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಕೆಲಸದಲ್ಲಿರುತ್ತಾನೆ, ಆದ್ದರಿಂದ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ಬಗ್ಗೆ ಕೊನೆಯ ಮಾತು ಅವನದೇ. ಕಾಲೇಜಿನ ಗೇಟು ನೋಡಿಯೇ ಪ್ಲೇಸ್‌ಮೆಂಟ್ ಎಷ್ಟೆಂದು ಹೇಳಬಲ್ಲ.

ಮೊದಲು ಫೈಲು ಬಿಚ್ಚಿಸುತ್ತೇನೆ. ನಾಡಕಚೇರಿಯಲ್ಲಿ ಮಾಡಿಸಿದ ಜಾತಿ-ಆದಾಯ ಪತ್ರದಲ್ಲಿ ಆರ್‌ಡಿ ನಂಬರ್ ಇದೆಯೇ, ಆಧಾರಿನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹೆಸರು ಒಂದೇ ಇದೆಯೇ, ವ್ಯಾಸಂಗ ಪತ್ರಕ್ಕೆ ಬಿಇಒ ಸಹಿ ಬಿದ್ದಿದೆಯೇ. "ಒಂದರಿಂದ ಹತ್ತರ ತನಕ ನಮ್ಮ ಹಳ್ಳಿ ಕನ್ನಡ ಸ್ಕೂಲಲ್ಲೇ ಓದಿದ್ದು ಮೇಡಮ್ಮೋರೆ" ಎಂದು ಹೇಳುವಾಗ ಅಪ್ಪನ ದನಿ ತಗ್ಗುತ್ತದೆ, ಏನೋ ತಪ್ಪು ಒಪ್ಪಿಕೊಂಡವರ ಹಾಗೆ. ಆಗ ನನಗೆ ಒಳಗೊಳಗೇ ಖುಷಿ. ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಹತ್ತೂ ವರ್ಷ ಹಳ್ಳಿಯಲ್ಲಿ ಓದಿರಬೇಕು ಎನ್ನುವುದು ಗ್ರಾಮೀಣಕ್ಕೆ ಷರತ್ತು. ನಡುವೆ ಒಂದು ವರ್ಷ ಸಾಲ ಮಾಡಿ ಪೇಟೆಯ ಕಾನ್ವೆಂಟಿಗೆ ಕಳಿಸಿದ್ದರೆ ಅದು ಕೈತಪ್ಪಿತು. ಅನುಕೂಲವಿಲ್ಲದೆ ಹಳ್ಳಿಯಲ್ಲೇ ಬಿಟ್ಟ ಮನೆಗೆ ಅದು ದಕ್ಕುತ್ತದೆ, ಮಗ ಮುಂದೆ ಬರಲಿ ಎಂದು ಒದ್ದಾಡಿದ ಮನೆಗೆ ದಕ್ಕುವುದಿಲ್ಲ. ನ್ಯಾಯವೋ ಅಲ್ಲವೋ, ನಿಯಮ ಹಾಗಿದೆ.

ರ‍್ಯಾಂಕ್ ನೋಡಿ ಸೀಟು ಹಂಚುವ ಈ ವ್ಯವಸ್ಥೆಯ ಬೆಲೆ ಹಳಬರಿಗೆ ಗೊತ್ತು. ಡೊನೇಷನ್ ತಡೆಯಲು 1984ರಲ್ಲೇ ಕಾಯಿದೆ ಬಂದರೂ ಡೊನೇಷನ್ ನಿಂತಿರಲಿಲ್ಲ. ಡೊನೇಷನ್ ವಿರುದ್ಧದ 1992ರ ಮೋಹಿನಿ ಜೈನ್ ಪ್ರಕರಣ, ಮರುವರ್ಷದ ಉನ್ನಿಕೃಷ್ಣನ್ ತೀರ್ಪು, ಅದರ ಬೆನ್ನಿಗೆ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ. ಶುರುವಿನ ವರ್ಷಗಳಲ್ಲಿ ಸೀಟು ಆರಿಸಲು ಬೆಂಗಳೂರಿಗೇ ಹೋಗಬೇಕಿತ್ತು. ರಾತ್ರಿ ಬಸ್ಸು, ಬುತ್ತಿಗಂಟು, ಸರದಿ ಬರುವ ತನಕ ಕಾಯುವುದು. ಒಳಗೆ ಹೋದರೆ ಯಾವ ಸೀಟು ಉಳಿದಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಇರುವುದರಲ್ಲಿ ಒಂದನ್ನು ಬೆರಳು ಮಾಡಿ ತೋರಿಸಿ ಹೊರಗೆ ಬರುವುದು, ಅಷ್ಟೇ. ಈಗ ಅಲೆದಾಟವಿಲ್ಲ, ಬದಲಿಗೆ ಬೇರೆ ಕಷ್ಟ ಬಂದಿದೆ. ಏನೂ ಕಾಣದೆ, ಬೇಕಾದದ್ದನ್ನೆಲ್ಲ ಮೊದಲೇ ಸಾಲಾಗಿ ಬರೆಯಬೇಕು. ಅದಕ್ಕೆ ಆಪ್ಶನ್ ಎಂಟ್ರಿ ಎನ್ನುತ್ತಾರೆ. ನನ್ನ ಜಗುಲಿಯಲ್ಲಿ ಎಲ್ಲರೂ ಎಡವುವುದು ಅಲ್ಲಿ.

"ನಮ್ಮ ರ‍್ಯಾಂಕಿಗೆ ಆ ಕಾಲೇಜು ಎಲ್ಲಿ ಸಿಗುತ್ತೆ? ಸುಮ್ನೆ ಯಾಕೆ ಮೇಲೆ ಬರೆಯೋದು, ವೇಸ್ಟಾಗುತ್ತೆ" ಎನ್ನುವ ಮಾತನ್ನು ಪ್ರತಿ ಮನೆಯವರಿಂದಲೂ ಕೇಳಿದ್ದೇನೆ. ವೇಸ್ಟ್ ಆಗುವುದಿಲ್ಲ. ಕಂಪ್ಯೂಟರು ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತ ಬರುತ್ತದೆ. ಮೊದಲನೆಯದು ಮುಗಿದುಹೋಗಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಸಿಗದ ಸೀಟನ್ನು ಕೇಳಿದಿರೆಂದು ಹಿಂದಕ್ಕೆ ತಳ್ಳುವುದಿಲ್ಲ. ಆದರೆ 'ನಮಗೆ ಇಷ್ಟು ಸಾಕು' ಎಂದು ಸಣ್ಣದನ್ನು ಮೇಲೆ ಬರೆದಿರೋ, ಅದನ್ನೇ ಕೊಟ್ಟು ಮುಂದಿನವರನ್ನು ಕರೆಯುತ್ತದೆ. ಕೆಳಗೆ ಬರೆದ ಒಳ್ಳೆಯ ಸೀಟು ಖಾಲಿ ಇದ್ದರೂ ನಿಮಗಿಲ್ಲ, ಹಿಂದಿನ ರ‍್ಯಾಂಕಿನವರಿಗೆ ಹೋಗುತ್ತದೆ.

ಇದನ್ನು ಹೇಳಿದರೆ ತಲೆ ಅಲ್ಲಾಡಿಸುತ್ತಾರೆ, ಪಟ್ಟಿ ಮಾತ್ರ ಹಳೆಯ ಥರದಲ್ಲೇ ಬರೆದುಕೊಂಡು ಬರುತ್ತಾರೆ. ಕಂಪ್ಯೂಟರು ತಿಳಿಯದೆ ಹಾಗೆ ಮಾಡುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಸೊಸೈಟಿಯಲ್ಲಿ ಸಾಲ ಕೇಳುವಾಗ, ಮಂಡಿಯಲ್ಲಿ ಕೊಬ್ಬರಿಗೆ ರೇಟು ಕೇಳುವಾಗ, ಮಗಳಿಗೆ ಗಂಡು ಕೇಳುವಾಗ, ಕೊಡುವವರು ಎಷ್ಟು ಕೊಟ್ಟಾರು ಎಂದು ಅಂದಾಜು ಮಾಡಿಯೇ ಬಾಯಿ ಬಿಟ್ಟು ಬದುಕಿದವರು ಅವರು. ಇಲ್ಲ ಎನ್ನಿಸಿಕೊಳ್ಳುವುದು ಅವರ ಲೆಕ್ಕದಲ್ಲಿ ಅವಮಾನ. ಮನಸ್ಸಿನಲ್ಲಿರುವುದನ್ನು ಇದ್ದ ಹಾಗೆ ಬರೆಯಿರಿ ಎಂದು ಯಾವ ಅರ್ಜಿಯೂ ಈ ಮೊದಲು ಅವರನ್ನು ಕೇಳಿಲ್ಲ.

ಹಾಗಾಗಿ ಒಂದು ರೂಢಿ ಇಟ್ಟುಕೊಂಡಿದ್ದೇನೆ. ದೊಡ್ಡವರಿಗೆ ಕಾಫಿ ಕೊಟ್ಟು ಹಿತ್ತಿಲಿಗೆ ಕಳಿಸುತ್ತೇನೆ, ಮಾವನನ್ನು ಮೊದಲು. ಮಗುವಿನ ಕೈಗೆ ಬಿಳಿ ಹಾಳೆ ಕೊಟ್ಟು ನೀನೇ ಬರಿ ಎನ್ನುತ್ತೇನೆ. ಬಹಳ ಮಕ್ಕಳು ಪೆನ್ನು ಹಿಡಿದು ಸುಮ್ಮನೆ ಕೂರುತ್ತಾರೆ. "ನೀವೇ ಹೇಳಿ ಮೇಡಂ" ಎನ್ನುತ್ತಾರೆ. ಹೇಳುವುದಿಲ್ಲ. ಕೆಲವರು ಸಿಎಸ್, ಸಿಎಸ್, ಸಿಎಸ್ ಎಂದು ಹಾಳೆ ತುಂಬಿಸುತ್ತಾರೆ. ಯಾಕೆ ಎಂದರೆ ಗೊತ್ತಿಲ್ಲ. ಹೋಗಲಿ, ಎಲ್ಲರಿಗೂ ಹದಿನೆಂಟಕ್ಕೇ ಗೊತ್ತಿರಬೇಕು ಎಂದೇನಿಲ್ಲ.

ಹೋದ ಸಲ ಒಬ್ಬ ಹುಡುಗಿ ಮಾತ್ರ ತಡವಿಲ್ಲದೆ ಬಿಎಸ್ಸಿ ಅಗ್ರಿ ಎಂದು ಮೇಲೆ ಬರೆದಳು. ಒಂದೇ ಸಿಇಟಿ ಬರೆದರೂ ಇಂಜಿನಿಯರಿಂಗಿಗೆ ಒಂದು ರ‍್ಯಾಂಕು, ಕೃಷಿಗೆ ಇನ್ನೊಂದು, ಪಶುವೈದ್ಯಕ್ಕೆ ಮತ್ತೊಂದು ಬರುತ್ತದೆ. ಅವಳದು ಕೃಷಿಯಲ್ಲಿ ಚೆನ್ನಾಗಿತ್ತು. ರೈತರ ಮಕ್ಕಳಿಗೆಂದು ಅಲ್ಲಿ ಪ್ರತ್ಯೇಕ ಕೋಟಾ ಉಂಟು, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯೂ ಉಂಟು. ಹಿತ್ತಿಲಿಂದ ಬಂದು ಹಾಳೆ ನೋಡಿದ ಅಪ್ಪನ ಮುಖ ಕಪ್ಪಿಟ್ಟಿತು.

"ಮಣ್ಣು ಮುಟ್ಟೋದು ಬ್ಯಾಡ ಅಂತ್ಲೇ ನಿನ್ನ ಓದ್ಸಿದ್ದು."

"ಮತ್ತೆ ಪ್ರಾಕ್ಟಿಕಲ್‌ಗೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿದ್ದು ಯಾರಪ್ಪಾ?"

"ಅದು ಇರ್ಲಿ ಅಂತ." ಆಮೇಲೆ ನನ್ನ ಕಡೆ ತಿರುಗಿ, ಬೇಡದಿದ್ದರೂ ತಡೆಯಲಾರದೆ ಹೇಳಿದ: "ಇಟ್ಟಿದ್ದ ಬೀಜ ಎಲ್ಲಾ ಗುರುತು ಹಿಡಿದ್ಲು ಮೇಡಮ್ಮೋರೆ. ಪೇಟೆ ಹುಡುಗರು ಹೆಸರುಕಾಳು, ಉದ್ದಿನಕಾಳು ಯಾವುದು ಅಂತ ತಡಕಾಡ್ತಾ ಇದ್ರಂತೆ."

ನಾನು ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಎಲ್ಲ ಕೋರ್ಸೂ ಒಂದೇ ಪಟ್ಟಿಯಲ್ಲಿ ಬರುವುದರಿಂದ ಯಾವುದು ಮೇಲೆ, ಯಾವುದು ಕೆಳಗೆ ಎನ್ನುವುದನ್ನು ಮನೆಯಲ್ಲೇ ಜಗಳವಾಡಿ ತೀರ್ಮಾನಿಸಿ ಎಂದೆ. ಇನ್ನೆರಡು ಮಾತು ಮಾತ್ರ ಗಟ್ಟಿಯಾಗಿ ಹೇಳಿದೆ. ಸೈಬರ್ ಸೆಂಟರಿನವನ ಮೊಬೈಲ್ ನಂಬರ್ ಕೊಡಬೇಡಿ, ಪಾಸ್‌ವರ್ಡು ಒಟಿಪಿ ಯಾರಿಗೂ ಹೇಳಬೇಡಿ. 2024ರಲ್ಲಿ ಬೇರೆಯವರ ಹೆಸರಲ್ಲಿ ಸೀಟು ಹಿಡಿದಿಡುವ ಸೀಟ್ ಬ್ಲಾಕಿಂಗ್ ಪ್ರಕರಣ ಪೊಲೀಸರ ತನಕ ಹೋದ ಮೇಲೆ ಈ ಮಾತಿಗೆ ಸ್ವಲ್ಪ ಬೆಲೆ ಬಂದಿದೆ. ಇನ್ನೊಂದು, ಫೀಸಿನ ಜೊತೆ ಹಾಸ್ಟೆಲಿನ ಲೆಕ್ಕವನ್ನೂ ಈಗಲೇ ಹಾಕಿ. ಸೀಟು ಸಿಕ್ಕ ಮೇಲೆ ಬಿಡುವವರು ಫೀಸಿಗಿಂತ ಹೆಚ್ಚಾಗಿ ಊಟ-ಬಾಡಿಗೆಗೆ ಹೆದರಿ ಬಿಡುವುದನ್ನು ಕಂಡಿದ್ದೇನೆ.

ಅಣಕು ಹಂಚಿಕೆ ಬಂದ ರಾತ್ರಿ ಆ ಹುಡುಗಿಯ ಅಪ್ಪನ ಫೋನು ಬಂತು. ಮಗಳ ಹೆಸರಿಗೆ ಶಿವಮೊಗ್ಗ ಕಡೆಯ ಕೃಷಿ ಕಾಲೇಜು ತೋರಿಸಿದೆಯಂತೆ. ಜಗಳದಲ್ಲಿ ಯಾರು ಗೆದ್ದರೆಂದು ನಾನು ಕೇಳಲಿಲ್ಲ, ಆತನೂ ಹೇಳಲಿಲ್ಲ.

"ಮೇಡಮ್ಮೋರೆ, ಪಟ್ಟಿ ಇನ್ನೂ ಬದಲಾಯ್ಸಬೋದಾ?"

ನನ್ನ ಎದೆ ಧಸಕ್ಕೆಂದಿತು. ಬದಲಾಯಿಸಬಹುದು, ಅಣಕು ಹಂಚಿಕೆ ಇರುವುದೇ ಅದಕ್ಕೆ ಎಂದೆ.

"ಹಂಗಾದ್ರೆ ಬೆಂಗ್ಳೂರು ಜಿಕೆವಿಕೆ ಕೃಷಿ ಕಾಲೇಜು ಮೇಲಕ್ಕೆ ಹಾಕ್ತೀವಿ. ಇವಳು ಹೆದರಿಕೊಂಡು ಅದನ್ನ ಮೂರನೇದು ಬರ್ದವ್ಳೆ."

ಹಾಕಿ, ಆದರೆ ಕೊನೆಯ ರಾತ್ರಿಯ ತನಕ ಕಾಯಬೇಡಿ, ಸರ್ವರ್ ಕೈ ಕೊಡುತ್ತದೆ ಎಂದೆ.