ಹೋಳಿಗೆ ಒಲ್ಲೆ ಅಂದವಳು

ನಮ್ಮ ಕಡೆ ಉಣ್ಣಲು ಕುಳಿತವರು ಒಲ್ಲೆ ಅನ್ನುವುದಕ್ಕೆ ಕೆಲವೇ ಕಾರಣಗಳಿಗೆ ಮಾನ್ಯತೆ ಇದೆ. ಸೋಮವಾರದ ಒಪ್ಪತ್ತು ಎಂದರೆ ಸುಮ್ಮನಾಗುತ್ತಾರೆ. ಸಕ್ಕರೆ ಕಾಯಿಲೆ ಎಂದರೆ ಎರಡು ಹೋಳಿಗೆಯನ್ನು ಒಂದಕ್ಕೆ ಇಳಿಸುತ್ತಾರೆ. ಬಿ.ಪಿ. ಎಂದರೆ ಉಪ್ಪಿನಕಾಯಿ ಭರಣಿಯನ್ನಷ್ಟೇ ಆಚೆ ಸರಿಸುತ್ತಾರೆ. ಆದರೆ ಗೋಧಿ ತಿನ್ನುವುದಿಲ್ಲ ಎಂದವಳನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂಬುದು ನಮ್ಮೂರು ಮೋರಟಗಿಗೆ ಇನ್ನೂ ಬಗೆಹರಿದಿಲ್ಲ. "ಮಂದಿ ನಾಕ ದುಡ್ಡ ಬಂದ ಮ್ಯಾಲ ಗೋಧಿ ತಿನ್ನಾಕ ಹತ್ತತಾರ. ನೀ ನೋಡಿದ್ರ ಬಿಡ್ತೀನಿ ಅಂತೀಯಲ್ಲವಾ!" ಎಂದು ನಮ್ಮ ಓಣಿಯ ಹಿರಿಯರೊಬ್ಬರು ನನ್ನನ್ನು ಕೆಳಗಿನಿಂದ ಮೇಲೆ ನೋಡಿದರು.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲ ಎರೆ ಹೊಲದ ಸೀಮೆ. ಹಿಂಗಾರಿಗೆ ಬಿಳಿಜೋಳ ಬೆಳೆದು ಬದುಕಿದ ಸೀಮೆ. ಡೋಣಿ ಹೊಳೆ ತುಂಬಿ ಹರಿದ ವರ್ಷ ಓಣಿಯಲ್ಲೆಲ್ಲ ಜೋಳ ಎಂಬ ಮಾತು ಇಲ್ಲಿಯದು. ಇಂದಿಗೂ ನಮ್ಮ ರೈತರು ಬಿಟ್ಟುಕೊಡದ ಎಂ 35-1 ತಳಿಯನ್ನು 1930ರ ದಶಕದಲ್ಲಿ ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ, ಮಾಲದಂಡಿ ಎಂಬ ನಾಡತಳಿಯಿಂದ ಆರಿಸಿ ತೆಗೆದರು. ಹೀಗೆ ಜೋಳ ದಿನದ ಊಟವಾಯಿತು, ಗೋಧಿ ಬೀಗರ ಊಟವಾಯಿತು. ಹಬ್ಬಕ್ಕೆ ಹೋಳಿಗೆ, ಮದುವೆಗೆ ಮಾದಲಿ, ಜಾತ್ರೆಗೆ ಹುಗ್ಗಿ, ಅಳಿಯ ಬಂದರೆ ಚಪಾತಿ. ಪ್ರೀತಿ, ಗೌರವ, ಭಕ್ತಿ ಮೂರನ್ನೂ ನಾವು ಗೋಧಿಯಲ್ಲೇ ಬಡಿಸಿದೆವು. ಆಮೇಲೆ ಆ ಹಬ್ಬದ ಕಾಳು ಮೆಲ್ಲಗೆ ವಾರದ ಏಳೂ ದಿನಕ್ಕೆ ಹರಡಿಕೊಂಡಿತು. ಬೆಳಿಗ್ಗೆ ಚಹಾದ ಜೊತೆ ಬಿಸ್ಕೀಟು, ನಾಷ್ಟಕ್ಕೆ ರವೆ ಉಪ್ಪಿಟ್ಟು, ಮಕ್ಕಳ ಡಬ್ಬಿಗೆ ಚಪಾತಿ, ಸಂಜೆಗೆ ಬೇಕರಿಯ ಖಾರಿ. ರೊಟ್ಟಿ ತಂದ ಹುಡುಗರು ಈಗ ಶಾಲೆಯಲ್ಲಿ ಡಬ್ಬಿಯ ಮುಚ್ಚಳ ಅರ್ಧ ತೆಗೆದು ಉಣ್ಣುತ್ತಾರೆ.

ನನಗೆ ಇದ್ದದ್ದು ಹೊಟ್ಟೆಯ ದೂರಲ್ಲ, ರಕ್ತದ ದೂರು. ಹಿಮೋಗ್ಲೋಬಿನ್ ಏರುತ್ತಿರಲಿಲ್ಲ. ಅದು ದೊಡ್ಡ ಸುದ್ದಿ ಎಂದು ಯಾರಿಗೂ ಅನಿಸಿರಲಿಲ್ಲ. "ಹೆಣ್ಮಕ್ಕಳಿಗೆ ರಕ್ತ ಕಮ್ಮಿ ಇರೂದ ಬಿಡು" ಎಂಬುದು ಇಲ್ಲಿ ಅವ್ವನ ಅಭಿಪ್ರಾಯವೂ ಹೌದು, ಅರ್ಧ ಊರಿನ ವೈದ್ಯಶಾಸ್ತ್ರವೂ ಹೌದು. ಕಬ್ಬಿಣದ ಮಾತ್ರೆ ನುಂಗಿದೆ. ನುಗ್ಗೆಸೊಪ್ಪು, ಬೆಲ್ಲ, ಖಾರೀಕು ತಿಂದೆ. ಮೆಟ್ಟಿಲು ಹತ್ತಿದರೆ ಏದುಸಿರು ಮಾತ್ರ ತಪ್ಪಲಿಲ್ಲ. ಕೊನೆಗೆ ವಿಜಯಪುರದಲ್ಲಿ ಒಬ್ಬ ಡಾಕ್ಟರು ಬೇರೆಯದೇ ಪ್ರಶ್ನೆ ಕೇಳಿದರು: "ಮಾತ್ರಿ ಹೊಟ್ಟಿಗಿ ಹೋಗಲಿಕತ್ತದ. ಅಲ್ಲಿಂದ ರಕ್ತಕ್ಕ ಯಾಕ ಹೋಗವಲ್ದು?"

ಕಬ್ಬಿಣಾಂಶವನ್ನು ದೇಹ ಹೆಚ್ಚಾಗಿ ಹೀರಿಕೊಳ್ಳುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ. ಅಲ್ಲಿ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಎಸಳುಗಳು ಒತ್ತಾಗಿ ನಿಂತಿರುತ್ತವೆ. ಉಂಡದ್ದನ್ನು ಹೀರುವ ಕೆಲಸ ಅವುಗಳದು. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕೆಲವರ ದೇಹಕ್ಕೆ ವೈರಿಯಂತೆ ಕಾಣುತ್ತದೆ. ಅದರ ಮೇಲೆ ಏರಿಹೋದ ರಕ್ಷಣಾ ವ್ಯವಸ್ಥೆ ತನ್ನ ಕರುಳನ್ನೇ ಬಡಿಯುತ್ತದೆ, ಎಸಳುಗಳು ಮಟ್ಟಸವಾಗುತ್ತವೆ. "ನಿಂತ ಬೆಳಿ ಕೊಯ್ದ ಮ್ಯಾಲ ಹೊಲ ಹ್ಯಾಂಗ ಕಾಣ್ತದ, ಹಂಗ" ಎಂದರು ಡಾಕ್ಟರು. ಇದೇ ಸೀಲಿಯಾಕ್ ಕಾಯಿಲೆ. ಇದು ಭೇದಿಯಾಗಿಯೇ ಬರಬೇಕೆಂದಿಲ್ಲ. ಮಕ್ಕಳಲ್ಲಿ ಕುಂಠಿತ ಬೆಳವಣಿಗೆಯಾಗಿ, ದೊಡ್ಡವರಲ್ಲಿ ಸವೆದ ಮೂಳೆಯಾಗಿ, ನನ್ನಂಥವರಲ್ಲಿ ಏರದ ರಕ್ತವಾಗಿಯೂ ಕಾಣಿಸಿಕೊಳ್ಳುತ್ತದೆ.

ಪರೀಕ್ಷೆಯ ತಮಾಷೆ ನೋಡಿ. ಗೋಧಿಯ ಮೇಲೆ ಅನುಮಾನ ಎಂದು ತಿಳಿದ ಕೂಡಲೇ ಮನೆಯವರೆಲ್ಲ ಚಪಾತಿ ಡಬ್ಬಿಯನ್ನು ನನ್ನಿಂದ ದೂರ ಇಟ್ಟರೆ, ಡಾಕ್ಟರು ಮಾತ್ರ "ಎಲ್ಲಾ ಪರೀಕ್ಷಾ ಮುಗಿಯೂತನಕಾ ದಿನಾ ಚಪಾತಿ ತಿನ್ರಿ" ಎಂದು ಅಪ್ಪಣೆ ಮಾಡಿದರು. ಮೊದಲು ರಕ್ತದಲ್ಲಿ ಟಿಟಿಜಿ ಪ್ರತಿಕಾಯ ನೋಡುತ್ತಾರೆ. ಅದು ಹೆಚ್ಚಿದ್ದರೆ ಬಾಯಿಂದ ಕ್ಯಾಮೆರಾ ಇರುವ ನಳಿಗೆ ಇಳಿಸಿ ಕರುಳಿನ ಸಣ್ಣ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಗೋಧಿ ಬಿಟ್ಟು ಕೆಲವು ವಾರವಾಯಿತೋ, ಪ್ರತಿಕಾಯ ಇಳಿಯತೊಡಗುತ್ತದೆ, ಕರುಳು ಚೇತರಿಸಿಕೊಳ್ಳತೊಡಗುತ್ತದೆ, ರೋಗವಿದ್ದೂ ಪರೀಕ್ಷೆ ಇಲ್ಲವೆಂದು ಹೇಳಬಹುದು. ಕಳ್ಳನನ್ನು ಹಿಡಿಯುವವರೆಗೆ ಅವನಿಗೆ ಬಾಗಿಲು ತೆರೆದೇ ಇಡಬೇಕು. ನಾನು ಅಷ್ಟೂ ದಿನ ಕೊನೆಯ ಚಪಾತಿಗಳನ್ನು ಪಲ್ಯ ಬದಲಿಸಿ ಬದಲಿಸಿ ಉಂಡೆ.

ಪರೀಕ್ಷೆಯಲ್ಲಿ ಕಳ್ಳ ಸಿಕ್ಕಿಬಿದ್ದ. ಗೋಧಿಯೇ ಕಳ್ಳ ಎಂದು ತಿಳಿಯಲು ಜಗತ್ತಿಗೂ ಬಹಳ ಕಾಲ ಹಿಡಿಯಿತು. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯನ್ನು ವಿವರವಾಗಿ ಬರೆದು, ಗುಣವಾಗುವುದಿದ್ದರೆ ಪಥ್ಯದಿಂದಲೇ ಎಂದ. ಅಲ್ಲಿಯವರೆಗೆ ಸರಿ. ಆದರೆ ಅವನು ಮಕ್ಕಳಿಗೆ ಬೇಡವೆಂದದ್ದು ಅನ್ನವನ್ನು, ತೆಳ್ಳಗೆ ಕೊಯ್ದು ಸುಟ್ಟ ಬ್ರೆಡ್ಡು ನಡೆಯುತ್ತದೆ ಎಂದ! 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ತಂದ. ಬ್ರೆಡ್ಡು ತೆಗೆದು ಬಾಳೆಹಣ್ಣು ಕೊಟ್ಟಾಗ ಮಕ್ಕಳು ಚೇತರಿಸಿಕೊಂಡರು. ಕೀರ್ತಿ ಮಾತ್ರ ಬಾಳೆಹಣ್ಣಿಗೆ ಹೋಯಿತು. ಸರಿಯಾದ ಬೆರಳು ತೋರಿದ್ದು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಹೇಗ್ ನಗರದ ಆಸ್ಪತ್ರೆಯಲ್ಲಿ 1930ರ ದಶಕದಿಂದಲೇ ಅವನಿಗೆ ಗೋಧಿಯ ಮೇಲೆ ಸಂಶಯವಿತ್ತು. 1944-45ರ ಚಳಿಗಾಲದಲ್ಲಿ, ಯುದ್ಧದಿಂದಾಗಿ ಹಾಲೆಂಡಿನ ಜನ ಟುಲಿಪ್ ಹೂವಿನ ಗಡ್ಡೆ ಬೇಯಿಸಿ ತಿನ್ನುವಂಥ ಬರ ಬಿತ್ತು. ಊರಿಗೆ ಊರೇ ಸೊರಗುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ಡು ಮತ್ತೆ ಸಿಗತೊಡಗಿದಾಗ ಮತ್ತೆ ಮಲಗಿದರು. 1950ರಲ್ಲಿ ಡಿಕೆ ಗೋಧಿಯ ಮೇಲಿನ ಈ ಆರೋಪವನ್ನು ತನ್ನ ಪ್ರಬಂಧದಲ್ಲಿ ಬರೆದ. ಬರಗಾಲದಿಂದ ಯಾರಿಗಾದರೂ ಒಳ್ಳೆಯದಾದ ಕಥೆಯನ್ನು ಬರದ ಜಿಲ್ಲೆಯವಳಾದ ನಾನು ಕೇಳಿದ್ದು ಇದೊಂದೇ.

ನಮ್ಮ ದೇಶದಲ್ಲಿ ಇದು ಪಂಜಾಬು, ಹರಿಯಾಣ, ದಿಲ್ಲಿಯ ಕಾಯಿಲೆ ಎಂಬ ನಂಬಿಕೆ ಇತ್ತು. ಪೂರ್ತಿ ಸುಳ್ಳೂ ಅಲ್ಲ. ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರು 23,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಯಿಲೆಯ ಪ್ರತಿಕಾಯ ಉತ್ತರ ಭಾರತದಲ್ಲಿ ಶೇಕಡಾ 1.23 ಮಂದಿಯಲ್ಲಿ ಇದ್ದರೆ, ದಕ್ಷಿಣದಲ್ಲಿ ಕೇವಲ 0.10. ಆದರೆ ಈ ಕಾಯಿಲೆಗೆ ಬೇಕಾದ ವಂಶವಾಹಿ ಎರಡೂ ಕಡೆ ಸುಮಾರಾಗಿ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸ ಇದ್ದದ್ದು ತಾಟಿನಲ್ಲಿ: ಉತ್ತರದವರು ಉಣ್ಣುವ ಗೋಧಿಯ ಮುಂದೆ ದಕ್ಷಿಣದವರದು ಲೆಕ್ಕಕ್ಕೇ ಇಲ್ಲ. ನಾವು ವಿಜಯಪುರದವರು ನಕ್ಷೆಯಲ್ಲಿ ದಕ್ಷಿಣದವರು, ನಮ್ಮ ತಾಟು ಮಾತ್ರ ವರ್ಷದಿಂದ ವರ್ಷಕ್ಕೆ ಉತ್ತರಕ್ಕೆ ಸರಿಯುತ್ತಿದೆ. ಇಷ್ಟು ದಿನ ಜೋಳ ನಮ್ಮನ್ನು ಕಾಯಿತು. ಹಾಗೆ ಕಾಯುತ್ತಲೇ, ಇಂಥದೊಂದು ಕಾಯಿಲೆ ಇಲ್ಲಿಯೂ ಇರಬಹುದೆಂಬ ಅನುಮಾನವೂ ಯಾರಿಗೂ ಬರದಂತೆ ಮಾಡಿತು ಎಂದು ನನ್ನ ಗುಮಾನಿ.

ಈ ಕಾಯಿಲೆಗೆ ಮಾತ್ರೆಯಿಲ್ಲ. ಬದುಕಿರುವವರೆಗೆ ಗ್ಲುಟೆನ್ ಬಿಡುವುದೇ ಔಷಧ. ಬೆಂಗಳೂರಿನಲ್ಲಿರುವ ತಮ್ಮ ಗಾಬರಿಯಾಗಿ, ಗ್ಲುಟೆನ್ ಇಲ್ಲದ್ದು ಎಂದು ಬರೆದ ಬ್ರೆಡ್ಡು, ಬಿಸ್ಕೀಟು ಪಾರ್ಸೆಲ್ ಕಳಿಸಿದ. ಬೆಲೆ ನೋಡಿ ಅತ್ತೆಗೆ ತಲೆ ತಿರುಗಿತು. "ಇಷ್ಟ ರೊಕ್ಕಕ್ಕ ಒಂದ್ ಚೀಲ ಜ್ವಾಳ ಬರ್ತಿದ್ದಿಲ್ಲೇನು?" ಎಂದರು. ಅಲ್ಲಿಗೆ ಪಥ್ಯದ ಪಾಠ ಮುಗಿಯಿತು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನುಚ್ಚು, ಅಂಬಲಿ, ಅನ್ನ, ಚುರುಮುರಿ ಸುಸಲಾ, ಶೇಂಗಾ ಹಿಂಡಿ, ಪುಂಡಿಪಲ್ಯ ಒಂದರಲ್ಲೂ ಗ್ಲುಟೆನ್ ಇಲ್ಲ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದರೆ ಬುತ್ತಿಯ ಮುಕ್ಕಾಲು ಪಾಲು ನನ್ನದೇ. ಶೇಂಗಾ ಹೋಳಿಗೆಯ ಹೊರಗಿನ ಕಣಕ ಮಾತ್ರ ಗೋಧಿಯದು, ಒಳಗಿನ ಹೂರಣವನ್ನು ನಾನು ಉಂಡೆ ಕಟ್ಟಿಸಿಕೊಂಡು ತಿನ್ನುತ್ತೇನೆ.

ಕಷ್ಟ ಇರುವುದು ರೊಟ್ಟಿಯಲ್ಲಲ್ಲ, ಗಿರಣಿಯಲ್ಲಿ. ಗ್ಲುಟೆನ್ ಇಲ್ಲ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದು ಎಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಹಾಕಿದರೆ ಆ ಲೆಕ್ಕ ಗಾಳಿಗೆ ಹೋಯಿತು. ಗಿರಣಿಯ ಹುಡುಗನಿಗೆ ಇದನ್ನು ಹೇಳಿದೆ. "ಅಕ್ಕಾರ, ನಿಮ್ಮ ಜ್ವಾಳಕ್ಕ ಮಡಿ ಅದ ಏನ್ರಿ?" ಎಂದ. ಅವನು ಕೇಳಿದ ಮಡಿಗೂ ನನ್ನ ಮಡಿಗೂ ಇರುವ ವ್ಯತ್ಯಾಸ ವಿವರಿಸುವಷ್ಟರಲ್ಲಿ ನನ್ನ ಹಿಂದೆ ಸರದಿ ಬೆಳೆದಿತ್ತು. ಕಡೆಗೆ ಮನೆಗೇ ಒಂದು ಸಣ್ಣ ಗಿರಣಿ ತಂದೆವು. ನನ್ನ ಹಂಚು ಬೇರೆ, ಹಿಟ್ಟಿನ ಡಬ್ಬಿ ಬೇರೆ. ಇಂಗಿನ ಡಬ್ಬಿಯನ್ನೂ ಓದಿ ನೋಡಬೇಕಾಯಿತು, ಅಂಗಡಿಯ ಇಂಗಿಗೆ ಎಷ್ಟೋ ಕಡೆ ಗೋಧಿಹಿಟ್ಟು ಬೆರೆಸಿರುತ್ತಾರೆ.

ಇನ್ನು ಸಲಹೆ ಕೊಡುವವರದ್ದೊಂದು ದಂಡು. ಎಲ್ಲರ ಬಾಯಲ್ಲೂ ಜವೆಗೋಧಿ: "ಅದು ಹಳೇ ಕಾಲದ್ದು, ಏನೂ ಮಾಡಂಗಿಲ್ಲ." ಜವೆಗೋಧಿ ನಮ್ಮ ಬೆಳಗಾವಿ, ವಿಜಯಪುರ ಸೀಮೆಯ ಹೆಮ್ಮೆ, ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ ಹೆಸರಿನ ತಳಿಗಳನ್ನೂ ಕೊಟ್ಟಿದೆ. ಆದರೆ ಎಷ್ಟು ಹಳೆಯದಾದರೂ ಗೋಧಿ ಗೋಧಿಯೇ, ಗ್ಲುಟೆನ್ ಅದರಲ್ಲೂ ಇದೆ. ಇನ್ನು ಕೆಲವರು ತೂಕ ಇಳಿಸಲು ತಾವೂ ಗೋಧಿ ಬಿಟ್ಟಿದ್ದೇವೆ ಎನ್ನುತ್ತಾರೆ. ಅವರು ರವಿವಾರ ಪಾವಭಾಜಿ ತಿನ್ನಬಹುದು. ನನಗೆ ರವಿವಾರದ ರಜೆಯಿಲ್ಲ.

ಈಗ ನನ್ನ ರಕ್ತ ಏರಿದೆ, ಮೆಟ್ಟಿಲು ಏದುಸಿರಿಲ್ಲದೆ ಹತ್ತುತ್ತೇನೆ. ಈ ಕಾಯಿಲೆ ಮನೆತನದಲ್ಲಿ ಹರಿಯುವುದರಿಂದ ಅವ್ವ, ತಮ್ಮ, ಮಕ್ಕಳಿಗೂ ಪರೀಕ್ಷೆ ಮಾಡಿಸಿದೆ. ಅವ್ವ ಮೊದಲು ಗೊಣಗಿದಳು: "ನಂದೂ ಮೊದಲಿಂದ ರಕ್ತ ಕಮ್ಮೀನ. ಅದಕ್ಯಾಕ ಪರೀಕ್ಷಾ?" ಆ ಮಾತಿಗೇ ನಾನು ಈ ಪ್ರಬಂಧ ಬರೆದದ್ದು. ರಕ್ತ ಕಡಿಮೆ ಇರುವುದು ಹೆಣ್ಣಾಗಿ ಹುಟ್ಟಿದ್ದರ ಲಕ್ಷಣವಲ್ಲ, ಅದಕ್ಕೊಂದು ಕಾರಣ ಇರುತ್ತದೆ. ಎಲ್ಲರ ಕಾರಣವೂ ಗೋಧಿಯಲ್ಲ, ಸುಮ್ಮಸುಮ್ಮನೆ ಚಪಾತಿಯನ್ನು ಯಾರೂ ಬಯ್ಯಬೇಕಾಗಿಲ್ಲ. ಆದರೆ ನಿಮ್ಮ ಮನೆಯ ಹೆಣ್ಣುಮಗಳಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ರಕ್ತ ಏರದಿದ್ದರೆ, ಮಗು ಉಂಡರೂ ಬೆಳೆಯದಿದ್ದರೆ, ಡಾಕ್ಟರ ಹತ್ತಿರ ಟಿಟಿಜಿ ಪರೀಕ್ಷೆಯ ಮಾತು ಒಮ್ಮೆ ಎತ್ತಿ. ಅದಕ್ಕಿಂತ ಮೊದಲು ಮಾತ್ರ ಗೋಧಿ ಬಿಡಬೇಡಿ.