ಗಾಜಿನ ಮನೆಯ ನೆರೆಹೊರೆ

ಹೊಸಪೇಟೆಗೆ ಬಂದ ಪ್ರವಾಸಿಗಳು ತುಂಗಭದ್ರೆಯ ಅಣೆಕಟ್ಟನ್ನು ಕಂಡು ಹಂಪೆಯ ದಾರಿ ಹಿಡಿಯುವುದು ರೂಢಿ. ನಾನು ಈಚೆಗೆ ಆ ದಾರಿ ಹಿಡಿದದ್ದು ಮೂರು ಮೀನುಗಳ ದೆಸೆಯಿಂದ.

ಮಗಳ ಹಠಕ್ಕೆ ಮಣಿದು ಎರಡಡಿಯ ಗಾಜಿನ ತೊಟ್ಟಿಯೊಂದನ್ನು ಮನೆಗೆ ತಂದಿದ್ದೆ. ಬೀಸಣಿಗೆಯಂಥ ಬಾಲದ ಗಪ್ಪಿಗಳು ಎಂಟು. ಜೊತೆಗೆ, 'ಎಲ್ಲವೂ ಸಣ್ಣ ಮೀನೇ ಸಾರ್, ಹೊಂದಿಕೊಳ್ಳುತ್ತವೆ' ಎಂಬ ಅಂಗಡಿಯವನ ಅಭಯವನ್ನು ನಂಬಿ, ಕಪ್ಪು ಪಟ್ಟೆಯ ಟೈಗರ್ ಬಾರ್ಬ್ ಮೂರು. ನಾಲ್ಕನೆಯ ದಿನಕ್ಕೆ ಗಪ್ಪಿಗಳ ಬಾಲಗಳು ಹರಿದ ಬಾವುಟಗಳಾದವು. ಒಂದು ಸತ್ತು ತೇಲಿತು. ಮಗಳು ಅಂದು ಊಟ ಮಾಡಲಿಲ್ಲ. ಬಾರ್ಬುಗಳನ್ನು ಬಕೆಟ್ಟಿಗೆ ವರ್ಗಾಯಿಸಿದೆ. 'ಅಪ್ಪಾ, ಇವನ್ನು ಹಂಪೆಯ ಹೊಳೆಗೆ ಬಿಟ್ಟುಬರೋಣ' ಎಂದಳು. ಕರುಣೆಯ ಮಾತೇ ಸರಿ. ನನ್ನ ಮನಸ್ಸು ಒಪ್ಪಲಿಲ್ಲ. ಮೊದಲು ಬರಿಗೈಯಲ್ಲಿ ಹೋಗಿ ಹೊಳೆಯನ್ನು ನೋಡೋಣವೆಂದೆ.

ಮಾಗಿಯ ದಿನ, ನೀರು ತಿಳಿಯಾಗಿತ್ತು. ವಿರೂಪಾಕ್ಷನ ದರ್ಶನ ಮುಗಿಸಿ, ಚಕ್ರತೀರ್ಥದ ಬಂಡೆಯ ಮೇಲೆ ಕುಳಿತು ಮಂಡಕ್ಕಿ ಎರಚಿದೆವು. ಕಿರುಬೆರಳಿನಷ್ಟು ಮೀನುಗಳು ಮೇಲ್ಮೈಗೇ ಮುತ್ತಿದವು. ತುಸು ದೊಡ್ಡವು ನಡುನೀರಿನಲ್ಲಿ ಕಾದು ನಿಂತವು. ತಳದಲ್ಲಿ ಮೀಸೆಯ ಮೀನೊಂದು ತಡಕಾಡುತ್ತಿತ್ತು. ದೊಡ್ಡದೊಂದು ಸುಳಿದದ್ದೇ ತಡ, ಕಿರಿಯವೆಲ್ಲ ಬಂಡೆಯ ಬಿರುಕಿನಲ್ಲಿ ಮಾಯ!

ಹೊಳೆಯಲ್ಲಿ ಓಡಲು ಎಡೆಯುಂಟು, ಎರಡಡಿಯ ಗಾಜಿನಲ್ಲಿಲ್ಲ. ಅಲ್ಲಿ ನೆರೆಯವರನ್ನು ಆರಿಸುವ ಹೊಣೆ ಸಾಕುವವರದು. ಒಂದರ ಮೈ ಇನ್ನೊಂದರ ಬಾಯಿಗೆ ತುತ್ತಾಗುವಷ್ಟು ಸಣ್ಣದಿರಕೂಡದು. ಬೆಳೆದ ಏಂಜೆಲ್ ಮೀನು ನಿಯಾನ್ ಟೆಟ್ರಾವನ್ನು ನುಂಗುವುದು ಹೀಗೆ. ಬಾರ್ಬ್ ದುಷ್ಟಪ್ರಾಣಿಯೇನಲ್ಲ, ಹಿಂಡಿನ ಮೀನು. ಎಂಟು ಹತ್ತು ಇದ್ದರೆ ತಮ್ಮೊಳಗೇ ಬೆನ್ನಟ್ಟಿ ಆಡುತ್ತವೆ. ಎರಡು ಮೂರೇ ಇದ್ದಾಗ ಆ ಉಪಟಳ ನೆರೆಯವರ ಪಾಲಿಗೆ. ಉದ್ದ ಬಾಲದ ಮಂದಗಾಮಿ ಗಪ್ಪಿಯಂತೂ ಅವುಗಳ ಕಣ್ಣಿಗೆ ಬೀಳುವುದೇ ಬೇಡ. ನೀರಿನ ಗುಣವನ್ನೂ ನೋಡಬೇಕು. ನಮ್ಮ ಕೊಳವೆಬಾವಿಯ ಗಡಸು ನೀರು ಗಪ್ಪಿಗೂ ಅದರ ನೆಂಟ ಪ್ಲಾಟಿಗೂ ಒಗ್ಗುತ್ತದೆ. ಅಮೆಜಾನಿನ ಮೆದುನೀರಿನಿಂದ ಬಂದ ನಿಯಾನಿಗೆ ಹಿಡಿಸದು. ಇಷ್ಟನ್ನು ನಾನು ಓದಿದ್ದು ಗಪ್ಪಿ ಸತ್ತ ಮೇಲೆ!

ಅಲ್ಲಿಂದ ಕಂಪ್ಲಿಗೆ ಹೋದೆವು. ಅಣೆಕಟ್ಟಿನಿಂದ ಕಂಪ್ಲಿಯ ಸೇತುವೆಯವರೆಗಿನ 34 ಕಿಲೋಮೀಟರು ಹೊಳೆ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಬಾರ್ಬಿನ ತವರು ಸುಮಾತ್ರ, ಬೋರ್ನಿಯೊ. ಅದನ್ನು ಇಲ್ಲಿ ಬಿಟ್ಟರೆ ತೊಟ್ಟಿಯ ರೋಗವನ್ನೂ ಬಿಟ್ಟಂತೆ. ಸಂತತಿ ಬೆಳೆದರೆ ಇಲ್ಲಿಯ ಮೀನುಗಳಿಗೆ ಕುತ್ತು. ಮಗಳು ಸೇತುವೆಯ ಕಂಬಿ ಹಿಡಿದು ಬಹಳ ಹೊತ್ತು ನೀರನ್ನೇ ನೋಡಿದಳು.

'ಹಾಗಾದರೆ ಅವನ್ನು ಕೊಲ್ಲುತ್ತೀಯಾ?'

ಉತ್ತರ ಸಿಕ್ಕಿದ್ದು ಸಂಡೂರಿನಲ್ಲಿ. ಅಲ್ಲಿಯ ಮಿತ್ರರೊಬ್ಬರ ಮನೆಯಲ್ಲಿ ನಾಲ್ಕಡಿಯ ತೊಟ್ಟಿ, ಅದರಲ್ಲಿ ಬಾರ್ಬುಗಳೇ ಒಂಬತ್ತು. ಮರುವಾರ ಮೂರನ್ನೂ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅದಿರಿನ ಕೆಂದೂಳಿನ ರಸ್ತೆಯಲ್ಲಿ ಹೊರಟೆವು. ಚೀಲವನ್ನು ಮಗಳು ದಾರಿಯುದ್ದಕ್ಕೂ ತೊಡೆಯ ಮೇಲಿಂದ ಇಳಿಸಲಿಲ್ಲ. ಎರಡೂ ನೀರಿನ ಬಿಸುಪು ಸಮವಾಗಲೆಂದು ಮಿತ್ರರು ಚೀಲವನ್ನು ಅರ್ಧ ಗಂಟೆ ತೊಟ್ಟಿಯಲ್ಲೇ ತೇಲಿಸಿ, ಬಳಿಕ ಮೀನುಗಳನ್ನು ಬಿಟ್ಟರು. ಗಳಿಗೆಯಲ್ಲಿ ಮೂರೂ ಹಿಂಡಿನೊಳಗೆ ಬೆರೆತವು.

ಮಗಳು ಗಾಜಿಗೆ ಮೂಗೊತ್ತಿ ಎಣಿಸಿದಳು. ಹನ್ನೆರಡು.

'ಇದರಲ್ಲಿ ನಮ್ಮವು ಯಾವುವಪ್ಪಾ?'

ನನಗೂ ಗುರುತು ಸಿಕ್ಕಲಿಲ್ಲ.