ಅರಸುಮನೆಯ ಗೋಧನವೂ ಅದರ ಕಾವಲುಗಳೂ

ತಲಕಾಡಿನ ಹೆಸರನ್ನೆತ್ತಿದೊಡನೆ ಕೇಳುವವರ ಮನಸ್ಸಿಗೆ ಮರಳೂ ಅಲಮೇಲಮ್ಮನ ಶಾಪವೂ ಬರುವುದು ಸಹಜವೇ. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದವನು 1610ರಲ್ಲಿ ಪಟ್ಟಣವನ್ನು ಬಿಟ್ಟು ತಲಕಾಡಿಗೆ ಬಂದನು. ಜನರ ಬಾಯಲ್ಲಿ ಅವನು ಶ್ರೀರಂಗರಾಯ. ಚರಿತ್ರಕಾರರ ಬರೆಹದಲ್ಲಿ ತಿರುಮಲರಾಯ. ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಮಾಡಿಕೊಂಡರು. ಆಭರಣಗಳಿಗಾಗಿ ರಾಜಭಟರು ಬೆನ್ನಟ್ಟಲು ಅಲಮೇಲಮ್ಮನು ಮಾಲಂಗಿಯ ಮಡುವಿಗೆ ಧುಮುಕಿದಳೆಂಬುದು ಕಥೆ. ನಾಲ್ಕು ಶತಮಾನ ಕಳೆದರೂ ಆ ಆಭರಣಗಳ ಮಾತು ನಿಂತಿಲ್ಲ. ಆದರೆ ಅದೇ ಕಾಲದಲ್ಲಿ ಅದೇ ಪಟ್ಟಣದಿಂದ ಮೈಸೂರು ಅರಸರ ಕೈಸೇರಿದ ಇನ್ನೊಂದು ಐಶ್ವರ್ಯವನ್ನು ನೆನೆಯುವವರು ವಿರಳ. ಅದೇ ಆ ಪ್ರತಿನಿಧಿಯ ಗೋಧನ.

ವಿಜಯನಗರದ ಕಡೆಯಿಂದ ತರಿಸಿದ ಹಳ್ಳಿಕಾರ್ ತಳಿಯ ಹಸುಗಳನ್ನು ಈ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಸಾಕಿದ್ದರೆಂದೂ, ಅವುಗಳ ಮೇವಿಗೆಂದು ಕೆಲವು ಹುಲ್ಲುಗಾವಲುಗಳನ್ನು ಕಾದಿರಿಸಿದ್ದರೆಂದೂ ಪರಂಪರೆಯ ವೃತ್ತಾಂತವಿದೆ. ಕಾಯ್ದ ನೆಲವಾದುದರಿಂದ ಅದಕ್ಕೆ ಕಾವಲು ಎಂಬ ಹೆಸರು ನಿಂತಿತು. ಈ ಏರ್ಪಾಡಿನ ಹಿಂದಿನ ವಿವೇಕವು ಬಹು ಹಳೆಯದು. ಗ್ರಾಮದ ಸುತ್ತಲೂ ನೂರು ಬಿಲ್ಲಳತೆಯ ನೆಲವನ್ನು ಉಳದೆ ಗೋವುಗಳಿಗೆ ಬಿಡಬೇಕೆಂದೂ, ನಗರಕ್ಕಾದರೆ ಅದರ ಮೂರರಷ್ಟು ಬಿಡಬೇಕೆಂದೂ ಮನುಸ್ಮೃತಿಯೇ ವಿಧಿಸಿದೆ. ಗೋಪೂಜೆಯ ದಿನ ಹಸುವಿನ ಹಣೆಗೆ ಕುಂಕುಮವಿಡುವ ನಾವು ಆ ವಿಧಿಯನ್ನು ಎಷ್ಟರಮಟ್ಟಿಗೆ ನಡೆಸಿದ್ದೇವೆಂಬುದನ್ನು ವಾಚಕರೇ ತಮ್ಮ ತಮ್ಮ ಊರಿನ ಗೋಮಾಳದ ಕಡೆಗೊಮ್ಮೆ ಹೋಗಿ ನೋಡಬಹುದು.

ರಣಧೀರ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಹಿಂಡುಗಳು ಹೆಚ್ಚಿದುವು. ಚಿಕ್ಕದೇವರಾಜ ಒಡೆಯರು ಇವನ್ನೆಲ್ಲ ಒಂದು ಇಲಾಖೆಗೆ ಸೇರಿಸಿ, ಸೀಮೆಸೀಮೆಗಳಲ್ಲಿ ಕಾವಲುಗಳನ್ನು ಗೊತ್ತುಮಾಡಿ, ಅದಕ್ಕೆ ಬೆಣ್ಣೆ ಚಾವಡಿಯೆಂದು ಹೆಸರಿಟ್ಟರು. ಅರಮನೆಗೆ ಹಾಲು ಬೆಣ್ಣೆಗಳು ಅಲ್ಲಿಂದ ಬರುತ್ತಿದ್ದುವು. ಟಿಪ್ಪುಸುಲ್ತಾನನು ಆ ಹೆಸರನ್ನು ಬದಲಿಸಿ ಅಮೃತಮಹಲೆಂದು ಕರೆದನು. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಈ ಹಸುಗಳು ಹಾಲಿಗೆ ಹೆಸರಾದುವಲ್ಲ. ಕರುವಿಗೆ ಮಿಕ್ಕರೆ ಮನೆಗೆ! ಅವುಗಳ ಕೀರ್ತಿಯೆಲ್ಲ ಹೊಟ್ಟೆಯಲ್ಲಿ ಹುಟ್ಟಿದ ಹೋರಿಗಳದು. ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿ ಮೊನೆಗೊಂಡ ನೀಳವಾದ ಕೊಂಬು, ಬಿಗಿಯಾದ ಕಾಲು, ಹೊಸಬರನ್ನು ಹತ್ತಿರ ಸೇರಿಸದ ಕಾಡುಸ್ವಭಾವ. ಹೈದರಾಲಿಯು ಚಿದಂಬರದ ರಕ್ಷಣೆಗೆಂದು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದುದು ಈ ಎತ್ತುಗಳ ಬಲದಿಂದಲೇ ಎಂದು ರೈಸರ ಗೆಜೆಟಿಯರಿನಲ್ಲಿ ಹೇಳಿದೆ. ಫಿರಂಗಿಯನ್ನೆಳೆಯುವ ಎತ್ತು ಕೊಟ್ಟಿಗೆಯಲ್ಲಿ ಬೆಳೆಯತಕ್ಕದ್ದಲ್ಲ. ಬಯಲಿನಲ್ಲಿ ಮಳೆ ಬಿಸಿಲುಗಳನ್ನುಂಡು, ಮೇವನ್ನರಸಿ ಹರದಾರಿಗಟ್ಟಲೆ ನಡೆದು ಬೆಳೆಯತಕ್ಕದ್ದು. ಆದಕಾರಣವೇ ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಗೆಗೊಂದು ಎಂದು ಕಾವಲುಗಳನ್ನು ವಿಂಗಡಿಸಿದ್ದರು. ಒಂದು ಕಾವಲಿನಲ್ಲಿ ಹಿಂಡು ಮೇಯುತ್ತಿರಲು ಉಳಿದವುಗಳಲ್ಲಿ ಹುಲ್ಲು ಚಿಗುರಿ ಬೀಜ ಕಟ್ಟಲು ಅವಕಾಶವಾಗುತ್ತಿತ್ತು.

1799ರ ಬಳಿಕ ಹಿಂಡಿನ ಯೋಗಕ್ಷೇಮ ಕೆಟ್ಟಿತು. 1813ರಲ್ಲಿ ಹಾರ್ವೆಯೆಂಬ ಸೇನಾಧಿಕಾರಿಯ ವಶಕ್ಕೆ ಬಂದಮೇಲೆ ಪುನಃ ಚೇತರಿಸಿಕೊಂಡಿತು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಹಿಂಡನ್ನೇ ಮಾರಿಬಿಟ್ಟರು. ಇನ್ನೂರೈವತ್ತು ವರ್ಷ ಕಾಪಾಡಿದ ತಳಿಯನ್ನು ಲೆಕ್ಕಪುಸ್ತಕದ ಒಂದು ಪುಟಕ್ಕಾಗಿ ಕಳೆದುಕೊಂಡುದು ಎಂತಹ ಜಾಣತನವೋ! ಸೈನ್ಯಕ್ಕೆ ಅಂತಹ ಎತ್ತುಗಳು ಬೇರೆಲ್ಲಿಯೂ ದೊರೆಯದಿರಲು, ಕೆಲವೇ ವರ್ಷಗಳಲ್ಲಿ, 1866ರಲ್ಲಿ, ಇಲಾಖೆಯನ್ನು ಮರಳಿ ಸ್ಥಾಪಿಸಬೇಕಾಯಿತು. ಹಾಗೆ ಸ್ಥಾಪಿಸುವುದು ಸಾಧ್ಯವಾದುದೇಕೆ? ಚದರಿದ ದನಗಳನ್ನು ಹುಡುಕಿ ತರಬಹುದಾಗಿತ್ತು. ತಂದಮೇಲೆ ಮೇಯಲು ಬಿಡುವುದಕ್ಕೆ ಕಾವಲುಗಳಿದ್ದುವು. ಮುಂದೆ ಇಲಾಖೆಯು ಮೈಸೂರು ಸರ್ಕಾರದ ಕೈಗೆ ಬಂದಿತು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರವು ಏರ್ಪಟ್ಟಿತು. ಅದು ಇಂದಿಗೂ ಇದೆ.

ನೆಲದ ಗತಿ ಮಾತ್ರ ಬೇರೆಯಾಯಿತು. ಸ್ವಾತಂತ್ರ್ಯಾನಂತರ ಆಹಾರಧಾನ್ಯ ಬೆಳೆಯಲೆಂದೂ, ಭೂಮಿಯಿಲ್ಲದವರಿಗೆಂದೂ, ಊರಿನ ವಿಸ್ತರಣೆಗೆಂದೂ ಕಾವಲುಗಳನ್ನು ತುಂಡುತುಂಡಾಗಿ ಹಂಚಿದರು. ಇವುಗಳಲ್ಲಿ ಭೂಹೀನರಿಗೆ ಕೊಟ್ಟುದನ್ನು ಆಕ್ಷೇಪಿಸುವ ಧೈರ್ಯ ಯಾರಿಗೂ ಬಾರದು, ಬರಲೂ ಬಾರದು. ಚಳ್ಳಕೆರೆ ತಾಲ್ಲೂಕಿನಲ್ಲಿ 2008ರ ಅನಂತರದ ಕೆಲವೇ ವರ್ಷಗಳಲ್ಲಿ ಸಾವಿರಾರು ಎಕರೆ ಅಮೃತಮಹಲು ಕಾವಲು ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳ ಪಾಲಾಯಿತು. ಅವು ದೇಶಕ್ಕೆ ಬೇಕಾದ ಸಂಸ್ಥೆಗಳೇ ಸರಿ. ಆದರೆ ಬೇಲಿಯ ಹೊರಗುಳಿದ ಕುರಿಗಾಹಿಗಳೂ ಗೋಪಾಲಕರೂ ಆ ನೆಲವನ್ನು ಕಾಗದಪತ್ರಗಳಲ್ಲಿ ಬರಡೆಂದು ಬರೆದುದನ್ನು ಒಪ್ಪಲಿಲ್ಲ, ನ್ಯಾಯಪೀಠದವರೆಗೂ ಹೋದರು. ನೇಗಿಲು ಸೋಕದ ನೆಲವೆಲ್ಲ ಬರಡೆಂಬ ಭಾವನೆ ಯಾವ ಕಾಲದಲ್ಲಿ ನಮ್ಮ ಕಚೇರಿಗಳನ್ನು ಹೊಕ್ಕಿತೋ, ಅಂದಿನಿಂದಲೇ ಕಾವಲಿಗೆ ಕೇಡು ತಟ್ಟಿತೆನ್ನಬೇಕು.

ಇತ್ತ ತಲಕಾಡಿನ ಸೀಮೆಯಲ್ಲಿ ಆ ಮೂಲತಳಿಯಾದ ಹಳ್ಳಿಕಾರ್ ಇನ್ನೂ ಒಕ್ಕಲಮನೆಗಳಲ್ಲಿ ಉಳಿದಿದೆ. ಮಾಘಮಾಸದ ಹೊತ್ತಿಗೆ ಮುಡುಕುತೊರೆಯ ಬೆಟ್ಟದಡಿಯಲ್ಲಿ ಮಲ್ಲಿಕಾರ್ಜುನನ ಜಾತ್ರೆಗೆ ಜೋಡಿಜೋಡಿಯಾಗಿ ಹೋರಿಗಳು ಬಂದು ನಿಲ್ಲುತ್ತವೆ. ಕೊಂಬು ಹೆರೆದು, ಗೆಜ್ಜೆ ಕಟ್ಟಿ, ಹಲ್ಲು ನೋಡಿ, ಸುಳಿ ನೋಡಿ, ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಇಲ್ಲಿ ಅರಸರ ಕಾವಲಿಲ್ಲ. ಕಾವೇರಿಯ ನಾಲೆಯ ನೀರು ಕಂಡ ನೆಲವೆಲ್ಲ ಗದ್ದೆಯಾಯಿತು. ನದಿಯ ಮಗ್ಗುಲಲ್ಲಿ ಮರಳು. ಭತ್ತದ ಹುಲ್ಲಿನ ಮೆದೆಯನ್ನು ನಂಬಿ, ಕೊಯ್ಲಾದ ಗದ್ದೆಯ ಕೂಳೆಯಲ್ಲಿ ನಾಲ್ಕು ದಿನ ಮೇಯಿಸಿ, ಬದುವಿನ ಹುಲ್ಲನ್ನು ಮನೆಯ ಹೆಂಗಸರು ಹೊರೆಗಟ್ಟಿ ತಂದು ಹಾಕಿ, ಒಂದೊಂದು ಸಂಸಾರವೂ ಒಂದು ಜೋಡಿಯನ್ನು ಸಾಕುತ್ತದೆ. ಯಂತ್ರದಿಂದ ಕೊಯ್ದ ಗದ್ದೆಯ ಹುಲ್ಲು ತುಂಡಾಗಿ ಚದರಿಹೋಗುವುದರಿಂದ ಮೆದೆಯೂ ಈಗೀಗ ಸಣ್ಣದಾಗುತ್ತಿದೆ. ಜಾತ್ರೆಯಲ್ಲಿ ಕೊಳ್ಳುವವನು ಹೋರಿಯ ಬೆಲೆಗಿಂತ ಮೊದಲು ವಿಚಾರಿಸುವುದು ಆ ವರ್ಷದ ಹುಲ್ಲಿನ ಬೆಲೆಯನ್ನು.